ಹಳೆಯ ಕಂಪ್ಯೂಟರಿಗೆ ಹೊಸ ಓಟ

ಬಾಗಲಕೋಟೆಯ ನವನಗರದ ಝೆರಾಕ್ಸ್ ಅಂಗಡಿ, ಬಾದಾಮಿಯ ಫೋಟೊ ಸ್ಟುಡಿಯೊ, ಹುನಗುಂದದ ಅಡತಿ ಅಂಗಡಿ, ಇಳಕಲ್ಲಿನ ಸೀರೆ ವ್ಯಾಪಾರಿಯ ಗಲ್ಲೆ. ಇಂಥ ಕಡೆಗಳಲ್ಲಿ ಹತ್ತು-ಹನ್ನೆರಡು ವರ್ಷ ದುಡಿದ ಕಂಪ್ಯೂಟರ್ ಕಾಣಸಿಗುವುದು ಅಪರೂಪವೇನಲ್ಲ. ಬೆಳಿಗ್ಗೆ ಗುಂಡಿ ಒತ್ತಿ, ಕಸ ಗುಡಿಸಿ, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ‘ಇದು ಮುಗೀತ್ರಿ, ಹೊಸಾದು ತಗೋರಿ’ ಎಂಬ ಸಲಹೆ ಪುಕ್ಕಟೆ ಸಿಗುತ್ತದೆ. ಆದರೆ ಎಷ್ಟೋ ಸಲ ಯಂತ್ರ ಮುಗಿದಿರುವುದಿಲ್ಲ. ಅದರ ಎರಡು ಭಾಗಗಳು ಮಾತ್ರ ಹಿಂದೆ ಬಿದ್ದಿರುತ್ತವೆ.

ಇಳಕಲ್ಲಿನ ಕುಣಿಮಗ್ಗವನ್ನೇ ನೋಡಿ. ನೇಕಾರನ ಕೈ ಎಷ್ಟೇ ಚುರುಕಾಗಿರಲಿ, ಕಂಡಿಕೆಗಳು ಪಕ್ಕದಲ್ಲೇ ಇರಬೇಕು. ಪ್ರತಿ ಸಲವೂ ಎದ್ದು ಅಟ್ಟ ಹತ್ತಿ ತರಬೇಕಾದರೆ ಸಂಜೆಯೊಳಗೆ ಗೇಣು ಬಟ್ಟೆಯೂ ಇಳಿಯದು. ಕಂಪ್ಯೂಟರಿನಲ್ಲಿ ಪ್ರೊಸೆಸರ್ ನೇಕಾರನಿದ್ದಂತೆ. ರ‍್ಯಾಮ್ ಎಂಬ ಮೆಮೊರಿ ಕೈಗೆಟುಕುವ ಬುಟ್ಟಿ. ಹಾರ್ಡ್ ಡಿಸ್ಕ್ ಅಟ್ಟ. ಬುಟ್ಟಿ ಚಿಕ್ಕದಾದಷ್ಟೂ ಅಟ್ಟಕ್ಕೆ ಓಡಾಟ ಹೆಚ್ಚು.

ಆ ಅಟ್ಟವೋ ಬಲು ನಿಧಾನ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಯೊಂದು ನಿಮಿಷಕ್ಕೆ 7200 ಬಾರಿ, ಅಂದರೆ ಸೆಕೆಂಡಿಗೆ 120 ಬಾರಿ ಸುತ್ತುತ್ತದೆ. ಅದರ ಮೇಲೆ ಸೂಜಿಯಂಥ ತೋಳು ಅತ್ತಿತ್ತ ಸರಿದು, ಬೇಕಾದ ಜಾಗ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಹೀಗಾಗಿ ಚದುರಿ ಬಿದ್ದ ಕಡತಗಳನ್ನು ಓದುವಾಗ ಅದಕ್ಕೆ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ತುಣುಕು ಹುಡುಕುವುದೇ ಕಷ್ಟ. ಎಸ್‌ಎಸ್‌ಡಿಯಲ್ಲಿ ತಿರುಗುವ ವಸ್ತುವೇ ಇಲ್ಲ, ಎಲ್ಲವೂ ಚಿಪ್. ಅದೇ ಒಂದು ಸೆಕೆಂಡಿನಲ್ಲಿ ಅದು ಸಾವಿರ ಸಾವಿರ ತುಣುಕುಗಳನ್ನು ಹುಡುಕಿ ಕೊಡುತ್ತದೆ.

ಮೊದಲು ರೋಗ, ಆಮೇಲೆ ಮದ್ದು

ದುಡ್ಡು ಬಿಚ್ಚುವ ಮುನ್ನ ಒಂದು ಪರೀಕ್ಷೆ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಎಂದಿನ ಕೆಲಸ ಮಾಡುತ್ತ ಅದನ್ನು ಗಮನಿಸಿ. ಡಿಸ್ಕ್ ಎದುರಿನ ಅಂಕಿ ಸದಾ 100ರ ಹತ್ತಿರ ನಿಂತಿದ್ದರೆ ಎಸ್‌ಎಸ್‌ಡಿ ಬೇಕು. ಮೆಮೊರಿ 80-90 ದಾಟಿದ್ದರೆ ರ‍್ಯಾಮ್ ಸಾಲದು. ಡಿಸ್ಕ್, ಮೆಮೊರಿ ಎರಡೂ ಆರಾಮಾಗಿದ್ದು ಸಿಪಿಯು ಒಂದೇ ಏದುಸಿರು ಬಿಡುತ್ತಿದ್ದರೆ ಈ ರಿಪೇರಿಯಿಂದ ಹೆಚ್ಚು ಲಾಭವಿಲ್ಲ.

4 ಜಿಬಿ ರ‍್ಯಾಮ್ ಇರುವಲ್ಲಿ 8 ಮಾಡಿದರೆ ಲೆಕ್ಕಪತ್ರ, ಇಂಟರ್ನೆಟ್, ಡಿಟಿಪಿ ಕೆಲಸಕ್ಕೆ ಸಾಕು. ದೊಡ್ಡ ಚಿತ್ರಗಳನ್ನು ತಿದ್ದುವ ಸ್ಟುಡಿಯೊಗೆ 16 ಒಳ್ಳೆಯದು. ಆದರೆ ವಿಂಡೋಸ್ 32 ಬಿಟ್‌ನದಾಗಿದ್ದರೆ 4 ಜಿಬಿಗಿಂತ ಹೆಚ್ಚಿನದು ಅದಕ್ಕೆ ದಕ್ಕದು. 64 ಬಿಟ್‌ನದು ಹಾಕಿಸಬೇಕು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುವಾಗ ಎಳೆಗೆ ಎಳೆ ಹೊಂದಬೇಕಲ್ಲವೆ? ಇಲ್ಲಿಯೂ ಹಾಗೆಯೇ. ಡಿಡಿಆರ್3 ಹಲಗೆಗೆ 240 ಪಿನ್, ಡಿಡಿಆರ್4ಕ್ಕೆ 288. ಒಂದರ ಗೂಡಿನಲ್ಲಿ ಇನ್ನೊಂದು ಕೂರದು. ಲ್ಯಾಪ್‌ಟಾಪಿನದಂತೂ ಬೇರೆಯೇ ಅಳತೆ. ಆದ್ದರಿಂದ ಮದರ್‌ಬೋರ್ಡಿನ ಹೆಸರು ಬರೆದುಕೊಂಡು, ಸಾಧ್ಯವಾದರೆ ಹಳೆಯ ರ‍್ಯಾಮನ್ನೇ ಹಿಡಿದುಕೊಂಡು ಅಂಗಡಿಗೆ ಹೋಗುವುದು ಕ್ಷೇಮ. ಬೆಲೆಯನ್ನೂ ಎರಡು ಕಡೆ ವಿಚಾರಿಸಿ.

ಮಾಹಿತಿಯೇ ಬಂಡವಾಳ

ಬಿಡಿಭಾಗ ಹೋದರೆ ಮತ್ತೆ ಕೊಳ್ಳಬಹುದು. ಐದು ವರ್ಷದ ಉದ್ರಿ ಲೆಕ್ಕ, ಮದುವೆ ಫೋಟೊ, ಸೀರೆಯ ವಿನ್ಯಾಸ ಹೋದರೆ ಎಲ್ಲಿಂದ ತರುವುದು? ಕವಚ ಬಿಚ್ಚುವ ಮೊದಲೇ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು. ಮಾಡಿದ ನಕಲು ತೆರೆಯುತ್ತದೆಯೇ ಎಂದು ಇನ್ನೊಂದು ಕಂಪ್ಯೂಟರಿನಲ್ಲಿ ನೋಡಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದ ಕಡತಗಳಿದ್ದರೆ ಆ ಫಾಂಟ್‌ಗಳನ್ನೂ ಎತ್ತಿಡಿ. ಅವಿಲ್ಲದೆ ಹೋದರೆ ಲಗ್ನಪತ್ರಿಕೆಯ ಕನ್ನಡ ವಿಚಿತ್ರ ಚಿಹ್ನೆಗಳ ಸಂತೆಯಾಗಿ ಕಾಣುತ್ತದೆ.

ಕವಚ ಬಿಚ್ಚಿದಾಗ ಧೂಳನ್ನೂ ತೆಗೆಯಿರಿ. ಫ್ಯಾನಿಗೆ ಧೂಳು ಕಟ್ಟಿದರೆ ಬೇಸಿಗೆಯಲ್ಲಿ ಪ್ರೊಸೆಸರ್ ಕಾದು, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕೈ ಹಾಕುವ ಮುನ್ನ ವಿದ್ಯುತ್ ತಂತಿ ಕೀಳಬೇಕು. ಪೆಟ್ಟಿಗೆಯ ಬರಿ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಬೇಕು.

ಎಲ್ಲಿಗೆ ನಿಲ್ಲಿಸಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯ ಮೇಲಿನ ಪ್ರೊಸೆಸರನ್ನೇ ಬಯಸುತ್ತದೆ. ಹತ್ತು ವರ್ಷದ ಯಂತ್ರಕ್ಕೆ ಎಷ್ಟೇ ರ‍್ಯಾಮ್ ತುಂಬಿದರೂ ಆ ಅರ್ಹತೆ ಬಾರದು. ಬೆಂಬಲ ತಪ್ಪಿದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿದರೆ ಮಕ್ಕಳ ಓದಿಗೆ, ಪತ್ರ ಬರೆಯಲಿಕ್ಕೆ ಅದು ಇನ್ನೂ ಕೆಲವು ವರ್ಷ ನಡೆದೀತು. ಆದರೆ ಅಂಗಡಿಯ ಲೆಕ್ಕದ ತಂತ್ರಾಂಶ ಅದರಲ್ಲಿ ಓಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಎರಡರಲ್ಲಿ ಒಂದಕ್ಕೇ ಹಣವಿದ್ದರೆ, ಸಾಮಾನ್ಯವಾಗಿ ಎಸ್‌ಎಸ್‌ಡಿಯೇ ಮೊದಲಾಗಲಿ. ಮುಂದೆ ಹೊಸ ಯಂತ್ರ ಕೊಂಡಾಗಲೂ ಹಳೆಯ ಡಿಡಿಆರ್3 ಮೂಲೆ ಸೇರುತ್ತದೆ. ಸಾಟಾ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕವಚಕ್ಕೆ ಹಾಕಿ ಬಳಸಬಹುದು. ಬಿಚ್ಚಿದ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಅದನ್ನೂ ಗುಜರಿಗೆ ಹಾಕಬೇಡಿ. ಎಸ್‌ಎಸ್‌ಡಿ ಸದ್ದಿಲ್ಲದೆ, ಮುನ್ಸೂಚನೆಯಿಲ್ಲದೆ ಕೈಕೊಡುವುದುಂಟು. ವಾರಕ್ಕೊಮ್ಮೆ ಲೆಕ್ಕದ ನಕಲಿಟ್ಟುಕೊಳ್ಳಲು ಆ ನಿಧಾನದ ಹಳೆಯ ಅಟ್ಟವೇ ಸಾಕು.