ಇಗರ್ಜಿಯ ಗಿಟಾರಿಗೆ ತಕ್ಕ ಪಿಕಪ್ ಯಾವುದು?

ಪಾಲನಾ ಮಂಡಳಿಯ ಸಭೆಯೊಂದರಲ್ಲಿ ನಾವು, "ಗಾಯನ ಮಂಡಳಿಗೆ ಒಂದು ಪಿಕಪ್ ಬೇಕಾಗಿದೆ" ಎಂದು ಪ್ರಸ್ತಾಪಿಸಿದೆವು. ಹಿರಿಯ ಸದಸ್ಯರೊಬ್ಬರು ಗಂಭೀರವಾಗಿ, "ಏಕೆ ಫಾದರ್, ಹಾಡುವವರನ್ನು ಕರೆತರಲಿಕ್ಕೋ, ಅಡಿಕೆಯನ್ನು ಬಂಟ್ವಾಳಕ್ಕೆ ಸಾಗಿಸಲಿಕ್ಕೋ?" ಎಂದು ಕೇಳಿದರು. ಸಭೆ ನಕ್ಕಿತು. ನಮ್ಮ ಸಿದ್ಧಕಟ್ಟೆಯ ಕಡೆ ಪಿಕಪ್ ಎಂದರೆ ಸರಕು ಸಾಗಿಸುವ ವಾಹನವೇ. ನಾವು ಕೇಳಿದ್ದಾದರೋ ಅಂಗೈಯಲ್ಲಿ ಅಡಗುವ ಪುಟ್ಟ ಸಾಧನ. ಗಿಟಾರಿನ ತಂತಿಯ ಅಥವಾ ಮರದ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಧ್ವನಿವರ್ಧಕಕ್ಕೆ ಒಪ್ಪಿಸುವುದು ಅದರ ಕೆಲಸ.

ಈ ಬೇಡಿಕೆಯ ಹಿಂದೆ ಒಂದು ನೋವಿನ ಪ್ರಸಂಗವಿತ್ತು. ಮೊಂತಿ ಹಬ್ಬದ ದಿನ, ಸೆಪ್ಟೆಂಬರ್ 8ರಂದು, ಹೊಸ ತೆನೆಯನ್ನು ಆಶೀರ್ವದಿಸಿ ಬಲಿಪೂಜೆ ನಡೆಯುತ್ತಿದ್ದಾಗ ಗಿಟಾರಿನ ಮುಂದೆ ಇರಿಸಿದ್ದ ಮೈಕ್ ಕಾಣಿಕೆಯ ಗೀತೆಯ ನಡುವೆ ಕರ್ಕಶವಾಗಿ ಕೂಗತೊಡಗಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ನುಡಿಸುತ್ತಿದ್ದ ಹದಿನಾರರ ಹುಡುಗಿ ಗಿಟಾರನ್ನು ಗೋಡೆಗೆ ಒರಗಿಸಿ ಕುಳಿತವಳು ಮತ್ತೆ ಅದನ್ನು ಮುಟ್ಟಲಿಲ್ಲ. ಅದು ಅವಳ ತಂದೆಯ ಗಿಟಾರು. ಅನೇಕ ವರ್ಷ ಇದೇ ಗಾಯನ ಮಂಡಳಿಯಲ್ಲಿ ನುಡಿಸಿದ ಅವರು ಎರಡು ವರ್ಷಗಳ ಹಿಂದೆ ಪ್ರಭುವಿನಲ್ಲಿ ನಿದ್ರಿಸಿದರು. ಅವರ ಪತ್ನಿ ವಾದ್ಯವನ್ನು ಇಗರ್ಜಿಗೆ ಒಪ್ಪಿಸಿದ್ದರು.

"ಕೀಬೋರ್ಡ್ ಇದೆಯಲ್ಲ, ಗಿಟಾರು ಏಕೆ?" ಎಂದವರೂ ಇದ್ದರು. ಆದರೆ ಗಿಟಾರು ನಮ್ಮ ಆರಾಧನೆಗೆ ಅಪರಿಚಿತವಲ್ಲ. 1818ರ ಕ್ರಿಸ್ತಜಯಂತಿಯ ರಾತ್ರಿ ಆಸ್ಟ್ರಿಯಾದ ಓಬರ್ನ್‌ಡಾರ್ಫಿನಲ್ಲಿ 'ಸೈಲೆಂಟ್ ನೈಟ್' ಗೀತೆಯನ್ನು ಮೊದಲ ಬಾರಿಗೆ ಹಾಡಿದ್ದು ಗಿಟಾರಿನ ನಾದದೊಂದಿಗೆ. ಅದನ್ನು ನುಡಿಸಿದವರು ಗೀತೆಯನ್ನು ರಚಿಸಿದ ಯುವ ಧರ್ಮಗುರು ಜೋಸೆಫ್ ಮೋರ್.

ಗುರಿ ಮೊದಲು, ಸಾಧನ ಅನಂತರ

ನಾವು ವಿಚಾರಿಸಬೇಕಾದದ್ದು ಸಾಧನಗಳನ್ನು ಕುರಿತೇ ಹೊರತು ಗುರಿಯನ್ನು ಕುರಿತಲ್ಲ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಎಂದರೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಗುರಿ ಸ್ಪಷ್ಟವಾಗಿರಬೇಕು. ನಮ್ಮ ಗುರಿಯನ್ನು ಧರ್ಮಸಭೆ ಈಗಾಗಲೇ ನಿರ್ಧರಿಸಿಕೊಟ್ಟಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನ ನೀಡಿ, ದೇವಾಲಯದ ಘನತೆಗೆ ಹೊಂದುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. 1967ರ 'ಮೂಸಿಕಾಂ ಸಾಕ್ರಂ' ನಿರ್ದೇಶನ ಅಳತೆಗೋಲನ್ನೂ ಕೊಟ್ಟಿತು: ವಾದ್ಯವು ಹಾಡುವವರಿಗೆ ಆಸರೆಯಾಗಬೇಕು, ಅದರ ಸದ್ದಿನಲ್ಲಿ ಗೀತೆಯ ಮಾತು ಮುಳುಗಬಾರದು. ಆದುದರಿಂದ ನಮ್ಮ ಪ್ರಶ್ನೆ, "ಯಾವ ಪಿಕಪ್ ಹೆಚ್ಚು ಸದ್ದು ಮಾಡುತ್ತದೆ?" ಎಂಬುದಲ್ಲ, "ಯಾವುದು ಕೊನೆಯ ಬೆಂಚಿನವರಿಗೂ ಮಾತನ್ನು ಕೆಡಿಸದೆ ಶ್ರುತಿಯನ್ನು ತಲುಪಿಸುತ್ತದೆ?" ಎಂಬುದು.

ನಾಲ್ಕು ದಾರಿಗಳು

ಮೊದಲನೆಯದು ಮೈಕ್. ಗಿಟಾರಿನ ಸಹಜ ನಾದವನ್ನು ಅದರಷ್ಟು ನಿಷ್ಠೆಯಿಂದ ಹಿಡಿಯುವ ಸಾಧನ ಬೇರೆ ಇಲ್ಲ. ಆದರೆ ಅದು ಪಕ್ಕದವರ ಹಾಡನ್ನೂ ಸ್ಪೀಕರಿನ ಸದ್ದನ್ನೂ ಹಿಡಿಯುತ್ತದೆ. ಸ್ಪೀಕರಿನಿಂದ ಹೊರಟದ್ದು ಮತ್ತೆ ಮೈಕಿಗೆ, ಮೈಕಿನಿಂದ ಮತ್ತೆ ಸ್ಪೀಕರಿಗೆ ಹೀಗೆ ಸುತ್ತತೊಡಗಿದಾಗ ಹುಟ್ಟುವುದೇ ಆ ಕೂಗು. ಎತ್ತರದ ಮಾಡು, ಗಟ್ಟಿ ನೆಲ, ಮಾರ್ದನಿಸುವ ಗೋಡೆಗಳಿರುವ ಇಗರ್ಜಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಎರಡನೆಯದು ಸ್ಯಾಡಲಿನ ಅಡಿಯಲ್ಲಿ ಕೂರುವ ಪೀಜೋ ಪಿಕಪ್. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಪಿಯೆರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ 1880ರಲ್ಲಿ ಕಂಡುಕೊಂಡರು. ತಂತಿಗಳನ್ನು ಹೊರುವ ಎಲುಬಿನ ಪಟ್ಟಿಯ ಕೆಳಗೆ ಇದನ್ನು ಇರಿಸಿದರೆ ಪ್ರತಿಯೊಂದು ಮಿಡಿತವೂ ಸ್ಪಷ್ಟವಾಗಿ ಕೇಳಿಸುತ್ತದೆ, ಕೂಗಾಟವೂ ಕಡಿಮೆ. ಆದರೆ ಜೋರಾಗಿ ನುಡಿಸಿದಾಗ ನಾದ ಗಡುಸಾಗಿ, ಪ್ಲಾಸ್ಟಿಕ್ಕಿನಂತೆ ಕೇಳಿಸುವುದುಂಟು. ಇದರ ಸಂಕೇತ ದುರ್ಬಲವಾದುದರಿಂದ ಸಾಮಾನ್ಯವಾಗಿ ಪ್ರೀಆಂಪ್ ಮತ್ತು 9 ವೋಲ್ಟಿನ ಬ್ಯಾಟರಿ ಬೇಕು.

ಮೂರನೆಯದು ಬ್ರಿಜ್ಜಿನ ಕೆಳಗೆ, ಗಿಟಾರಿನ ಒಳಭಾಗದಲ್ಲಿ ಅಂಟಿಸುವ ಬಿಲ್ಲೆಯಾಕಾರದ ಪಿಕಪ್. ಮರದ ಕಂಪನವನ್ನೇ ಹಿಡಿಯುವುದರಿಂದ ಇದರ ನಾದ ಹೆಚ್ಚು ಸಹಜ. ಆದರೆ ಗಿಟಾರಿನ ಮೈಗೆ ಬೆರಳು ತಗುಲಿದರೂ ಸದ್ದು ಮಾಡುತ್ತದೆ. ಸ್ಪೀಕರಿನ ಧ್ವನಿಗೆ ಮರದ ಹಲಗೆಯೂ ಕಂಪಿಸುವುದರಿಂದ ಕೂಗಾಟಕ್ಕೆ ಬೇಗ ಬಲಿಯಾಗುತ್ತದೆ.

ನಾಲ್ಕನೆಯದು ಧ್ವನಿರಂಧ್ರಕ್ಕೆ ಅಡ್ಡಲಾಗಿ ಸಿಕ್ಕಿಸುವ ಅಯಸ್ಕಾಂತದ ಪಿಕಪ್. ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ವಿದ್ಯುತ್ ಹುಟ್ಟುತ್ತದೆ. ಇದು ಹಲಗೆಯನ್ನಲ್ಲ, ತಂತಿಯನ್ನು ಗಮನಿಸುವುದರಿಂದ ಕೂಗಾಟವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಮರದ ಸೊಗಸು ತುಸು ಕಡಿಮೆಯಾಗುತ್ತದೆ. ನೈಲಾನ್ ತಂತಿಯ ಗಿಟಾರಿಗಂತೂ ಇದು ನಿರುಪಯೋಗಿ. ಇನ್ನೊಂದು ಸೂಕ್ಷ್ಮವಿದೆ: ದಪ್ಪ ತಂತಿಗಳ ಹೊರಸುತ್ತು ಕಂಚಿನದಾಗಿದ್ದು ಒಳಗಿನ ಎಳೆ ಮಾತ್ರ ಉಕ್ಕಿನದು. ಆದುದರಿಂದ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ಪನ್ನು ತಂದು ಇದಕ್ಕೆ ಹಾಕಿದರೆ ಕೊನೆಯ ಎರಡು ತೆಳು ತಂತಿಗಳು ಮಿಕ್ಕವುಗಳನ್ನು ಮೀರಿ ಕೇಳಿಸುತ್ತವೆ. ಅಕೂಸ್ಟಿಕ್ ಗಿಟಾರಿಗೆಂದೇ ತಯಾರಿಸಿದ್ದನ್ನು ಕೇಳಿ ಪಡೆಯಬೇಕು.

ಕೊರೆಯುವುದೋ, ಬೇಡವೋ?

ಅಂಗಡಿಯವರೊಬ್ಬರು ಎರಡನೆಯ ಬಗೆಯನ್ನೇ ಶಿಫಾರಸು ಮಾಡಿದರು. ಪ್ರೀಆಂಪ್ ಕೂರಿಸಲು ಗಿಟಾರಿನ ಪಕ್ಕೆಯನ್ನು ಕತ್ತರಿಸಬೇಕು, ಜಾಕಿಗಾಗಿ ಬುಡದಲ್ಲಿ ಸುಮಾರು ಅರ್ಧ ಇಂಚಿನ ರಂಧ್ರ ಕೊರೆಯಬೇಕು ಎಂದರು. ತಪ್ಪೇನಿಲ್ಲ, ಎಷ್ಟೋ ಗಿಟಾರುಗಳು ಕಾರ್ಖಾನೆಯಿಂದಲೇ ಹಾಗೆ ಬರುತ್ತವೆ. ನಾವು ಆ ತಾಯಿಯನ್ನು ವಿಚಾರಿಸಿದೆವು. "ಇಗರ್ಜಿಗೆ ಕೊಟ್ಟದ್ದು ಫಾದರ್, ನಿಮಗೆ ಸರಿ ಕಂಡಂತೆ ಮಾಡಿ" ಎಂದರು. ಬಾಯಿ ಹಾಗೆಂದರೂ ಅವರ ಕೈ ಗಿಟಾರಿನ ಅದೇ ಪಕ್ಕೆಯ ಮೇಲಿತ್ತು. ಪತಿಯ ತೋಳು ತಾಗಿ ತಾಗಿ ಅಲ್ಲಿ ಬಣ್ಣ ಮಾಸಿತ್ತು.

ಸೌಂದರ್ಯಕ್ಕೆ ಸಮಗ್ರತೆ, ಸಾಮರಸ್ಯ, ಸ್ಪಷ್ಟತೆ ಎಂಬ ಮೂರು ಬೇಕೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸುತ್ತಾರೆ. ಸೆಮಿನರಿಯಲ್ಲಿ ನಾವು ಇದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆವು, ಅರ್ಥವಾದದ್ದು ಅಂದು. ಸ್ಪಷ್ಟತೆಗಾಗಿ ಸಮಗ್ರತೆಯನ್ನು ಬಲಿಕೊಡಬೇಕಾದ ಅನಿವಾರ್ಯ ಅಲ್ಲಿ ಇರಲಿಲ್ಲ. ಗಿಟಾರಿಗೆ ಉಕ್ಕಿನ ತಂತಿಗಳಿದ್ದವು. ನಮ್ಮ ತೊಂದರೆ ಕೂಗಾಟದ್ದು. ನಾಲ್ಕನೆಯ ಬಗೆಗೆ ಕೊರೆಯುವ ಕೆಲಸವಿಲ್ಲ, ಹಲವು ಮಾದರಿಗಳಿಗೆ ಬ್ಯಾಟರಿಯೂ ಬೇಡ, ಬೇಡವೆನಿಸಿದ ದಿನ ತೆಗೆದಿಡಬಹುದು. ನಾವು ಅದನ್ನೇ ಆರಿಸಿದೆವು. ಒಬ್ಬರೇ ನುಡಿಸುವ, ಸ್ಪೀಕರ್ ದೂರವಿರುವ ಪುಟ್ಟ ಕಪೆಲಿಗೆ ಮೂರನೆಯದೇ ಮೇಲಾಗಬಹುದು. ನಮ್ಮ ಆಯ್ಕೆಯೇ ಎಲ್ಲರಿಗೂ ಮಾದರಿಯೆಂದು ಹೇಳಲಾರೆವು.

ಕೊಳ್ಳುವವರಿಗೆ ನಾಲ್ಕು ಮಾತು

ನಿಮ್ಮದೇ ಗಿಟಾರನ್ನು ಅಂಗಡಿಗೆ ಒಯ್ದು ನುಡಿಸಿ ನೋಡಿ. ಉದ್ದನೆಯ ಸಾಮಾನ್ಯ ಕೇಬಲ್ ನಾದವನ್ನು ಮಂಕುಗೊಳಿಸುತ್ತದೆ, ಗೊರಗೊರ ಸದ್ದನ್ನೂ ತರುತ್ತದೆ. ಮಿಕ್ಸರ್ ದೂರವಿದ್ದರೆ ನಡುವೆ ಡಿ.ಐ. ಬಾಕ್ಸ್ ಇರಲಿ. ಸ್ಪೀಕರುಗಳು ಗಾಯನ ಮಂಡಳಿಗಿಂತ ಮುಂದೆ, ಜನರ ಕಡೆಗೆ ಮುಖ ಮಾಡಿರಲಿ. ಬ್ಯಾಟರಿಯ ಪಿಕಪ್ ಆಗಿದ್ದರೆ ಬಲಿಪೂಜೆ ಮುಗಿದೊಡನೆ ಕೇಬಲನ್ನು ಕಳಚಿ. ಹೆಚ್ಚಿನವುಗಳಲ್ಲಿ ಕೇಬಲ್ ಸಿಕ್ಕಿಸಿದ್ದಷ್ಟು ಹೊತ್ತು ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಮೊದಲು ಹಾಡುವವರ ಧ್ವನಿಯನ್ನು ಹೊಂದಿಸಿ, ಅನಂತರ ಗಿಟಾರನ್ನು ಮೆಲ್ಲನೆ ಏರಿಸಿ. ಮಾತು ಮಸುಕಾಗತೊಡಗುವ ಮುನ್ನವೇ ನಿಲ್ಲಿಸಿ.

ನವೆಂಬರ್ 2, ಮೃತ ವಿಶ್ವಾಸಿಗಳ ಸ್ಮರಣೆಯ ದಿನ. ಅಂದಿನ ಬಲಿಪೂಜೆಯಲ್ಲಿ ವಾದ್ಯವನ್ನು ಮಾತ್ರ ಪ್ರತ್ಯೇಕವಾಗಿ ನುಡಿಸುವಂತಿಲ್ಲ, ಹಾಡಿಗೆ ಜೊತೆಗೂಡಿಸಬಹುದು. ಹುಡುಗಿ ಮತ್ತೆ ತಂದೆಯ ಗಿಟಾರನ್ನು ಎತ್ತಿಕೊಂಡಳು, ಹಾಡಿನ ಹಿಂದೆ ಹಿಂದೆಯೇ ನಡೆದಳು. ಕೂಗಾಟವಿರಲಿಲ್ಲ. ಪೂಜೆಯ ನಂತರ ಕೊನೆಯ ಬೆಂಚಿನ ಅಜ್ಜಿಯೊಬ್ಬರನ್ನು, "ಗಿಟಾರು ಕೇಳಿಸಿತೇ?" ಎಂದು ವಿಚಾರಿಸಿದೆವು. "ಗಿಟಾರಿನ ಕಡೆ ಗಮನ ಹೋಗಲಿಲ್ಲ ಫಾದರ್, ಇವತ್ತು ನಾನೂ ಹಾಡಿದೆ" ಎಂದರು.

ಪಾಲನಾ ಮಂಡಳಿಗೆ ನಾವು ಲೆಕ್ಕದ ಜೊತೆಗೆ ಆ ಮಾತನ್ನೂ ಒಪ್ಪಿಸಿದೆವು.