ಹಲ್ಮಿಡಿಯ ಕಲ್ಲು ಮತ್ತು ಅದರ ಸುತ್ತಲಿನ ಊರು

ಹಲ್ಮಿಡಿ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಒಂದು ಅಂಕದ ಪ್ರಶ್ನೆ. ಕನ್ನಡದ ಮೊದಲ ಶಾಸನ ಯಾವುದು? ಹಲ್ಮಿಡಿ ಶಾಸನ. ಕಾಲ? ಸುಮಾರು ಕ್ರಿ.ಶ. 450. ಅಲ್ಲಿಗೆ ಮುಗಿಯಿತು. ಆ ಊರು ನಮ್ಮದೇ ಬೇಲೂರು ತಾಲ್ಲೂಕಿನಲ್ಲಿದೆ, ಅಲ್ಲಿ ಈಗಲೂ ಜನ ವಾಸವಾಗಿದ್ದಾರೆ ಎಂದು ಹೇಳಿದಾಗ ನನ್ನ ತರಗತಿಯಲ್ಲೇ ಕೆಲವರು ನಂಬಲಿಲ್ಲ. ಶಾಸನದ ಭಾಷೆಯನ್ನು ಕನ್ನಡ ಪಾಠದಲ್ಲಿ ಓದುತ್ತೇವೆ. ನಾನು ಬರೆಯಹೊರಟಿರುವುದು ಆ ಕಲ್ಲು ನಿಂತಿದ್ದ ಊರಿನ ಬಗ್ಗೆ. ಒಂದೂವರೆ ಸಾವಿರ ವರ್ಷದ ಹಿಂದಿನ ಹಳ್ಳಿಯೊಂದನ್ನು ಇವತ್ತು ತಿಳಿಯುವುದು ಹೇಗೆ?

ಮೊದಲು ಕಲ್ಲಿನ ಕಥೆ. ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಹೊರತಂದರು. ಅಷ್ಟು ಶ್ರದ್ಧೆಯ ಕೆಲಸದಲ್ಲೂ ಹಲ್ಮಿಡಿಯ ಕಲ್ಲು ಸೇರಿರಲಿಲ್ಲ. 1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಊರಿನ ಮಣ್ಣಿನ ಕೋಟೆಯೊಳಗೆ, ವೀರಭದ್ರ ದೇವಸ್ಥಾನದ ಮುಂದೆ ಅದು ನಿಂತಿತ್ತು. ದಿನವೂ ಜನ ಅದರ ಪಕ್ಕದಲ್ಲೇ ಓಡಾಡುತ್ತಿದ್ದರು. ಈಗ ಮೂಲ ಕಲ್ಲನ್ನು ಮೈಸೂರಿಗೆ ಸಾಗಿಸಿ ಪುರಾತತ್ವ ಇಲಾಖೆಯಲ್ಲಿ ಕಾಪಿಟ್ಟಿದ್ದಾರೆ. ಹಲ್ಮಿಡಿಯಲ್ಲಿ ನೋಡಲು ಸಿಗುವುದು ಫೈಬರ್ ಗ್ಲಾಸಿನ ಪ್ರತಿಕೃತಿ.

ಅದರಲ್ಲಿರುವುದು 16 ಸಾಲು. ಕದಂಬ ದೊರೆ ಕಾಕುಸ್ಥನ ಆಳ್ವಿಕೆಯಲ್ಲಿ ಕೇಕಯ ಪಲ್ಲವರ ವಿರುದ್ಧ ನಡೆದ ಕಾಳಗದಲ್ಲಿ ಹೋರಾಡಿದ ವಿಜ ಅರಸ ಎಂಬ ವೀರನಿಗೆ ಪಲ್ಮಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟರು ಎಂಬುದು ಸಾರಾಂಶ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ರಕ್ತ ಹತ್ತಿದ ಕತ್ತಿಯನ್ನು ತೊಳೆದು ವೀರನಿಗೆ ಕೊಡುವ ದತ್ತಿ. ಕಲ್ಲಿನಲ್ಲಿ ವರ್ಷ ನಮೂದಾಗಿಲ್ಲ. ಅಕ್ಷರದ ರೂಪ ಮತ್ತು ಕದಂಬ ದೊರೆಯ ಹೆಸರನ್ನು ನೋಡಿ ಕೃಷ್ಣ ಅವರು 450ರ ಸುಮಾರು ಎಂದರು. ಇನ್ನೂ ಸ್ವಲ್ಪ ಈಚಿನದು ಎನ್ನುವ ವಿದ್ವಾಂಸರೂ ಇದ್ದಾರೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಉತ್ಖನನದಲ್ಲಿ ಸಿಕ್ಕ ಸಿಂಹದ ಕಟಾಂಜನದ ಶಾಸನ ಇದಕ್ಕಿಂತಲೂ ಹಿಂದಿನದು, ಕ್ರಿ.ಶ. 370ರದು ಎಂಬ ವಾದವೂ ಇದೆ. ಆದ್ದರಿಂದ ‘ಮೊದಲ’ ಎಂಬ ಪದಕ್ಕೆ ಪರೀಕ್ಷೆಯಲ್ಲಿ ಅಂಕ ಸಿಕ್ಕರೂ ಚರ್ಚೆ ಮುಗಿದಿಲ್ಲ.

ಪಲ್ಮಡಿಯೇ ಇವತ್ತಿನ ಹಲ್ಮಿಡಿ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು: ಪಾಲ್ ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ನಮ್ಮ ಕಾಲೇಜಿನಲ್ಲಿ ಇದನ್ನು ವಿವರಿಸಲು ಪುಸ್ತಕವೇ ಬೇಡ. ಮನೆಯಲ್ಲಿ ಮಲಯಾಳ ಮಾತಾಡುವ ಗೆಳೆಯರನ್ನು ಕೇಳಿ, ಹಾಲಿಗೆ ಇವತ್ತಿಗೂ ಪಾಲ್ ಎನ್ನುತ್ತಾರೆ. ಅವರೂ ಬ್ಯಾರಿ ಮನೆಯವರೂ ಜುಮಾಕ್ಕೆ ಹೋಗುವುದು ‘ಪಳ್ಳಿ’ಗೆ. ಒಂದೇ ಪದ ಒಂದು ಕಡೆ ಮಸೀದಿಯಾಯಿತು, ಇನ್ನೊಂದು ಕಡೆ ಹಳ್ಳಿಯಾಯಿತು. ಶಾಸನದ ಮೂಳಿವಳ್ಳಿಯಲ್ಲಿರುವ ‘ವಳ್ಳಿ’ಯೂ ಅದೇ ಪಳ್ಳಿ. ಕೋಟೆ ಕುಸಿದರೂ ರಾಜವಂಶಗಳು ಅಳಿದರೂ ಊರಿನ ಹೆಸರು ಬಾಯಿಂದ ಬಾಯಿಗೆ ಉಳಿದು ಬಂದಿದೆ. ನನಗಂತೂ ಇದು ಕಲ್ಲಿಗಿಂತ ದೊಡ್ಡ ಆಶ್ಚರ್ಯ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಕೊನೆಯ ಸಾಲು. 15 ಸಾಲು ಕಲ್ಲಿನ ಮುಂಭಾಗದಲ್ಲಿವೆ. 16ನೆಯದು ಎಡ ಮಗ್ಗುಲಿನಲ್ಲಿದೆ. ಅದರಲ್ಲಿ ಭಟ್ಟರಿಗೆ ಬಿಟ್ಟ ‘ಗಳ್ದೆ’ಯ ಮತ್ತು ಹತ್ತರಲ್ಲೊಂದು ಪಾಲಿನ ತೆರಿಗೆಯನ್ನು ಮನ್ನಾ ಮಾಡಿದ ಮಾತು ಬರುತ್ತದೆ. ಗಳ್ದೆ ಎಂದರೆ ನಮ್ಮ ಗದ್ದೆ. ಮುಂಭಾಗದಲ್ಲಿ ದೇವರಿದ್ದಾನೆ, ದೊರೆಯಿದ್ದಾನೆ, ಯುದ್ಧವಿದೆ. ಊರಿನ ಜನರ ಬದುಕು ಮಗ್ಗುಲಿನ ಆ ಒಂದು ಸಾಲಿನಲ್ಲಿದೆ. ಗದ್ದೆ ಇತ್ತೆಂದರೆ ಬದು ಇತ್ತು, ನೀರು ತಿರುಗಿಸುವ ಕಾಲುವೆ ಇತ್ತು, ನಾಟಿ ಮಾಡುವ ಕೈಗಳಿದ್ದವು, ಭತ್ತ ಅಳೆದು ಪಾಲು ಕೇಳುವವರೂ ಇದ್ದರು. ಆದರೆ ನಾಟಿ ಮಾಡಿದವರ ಒಂದು ಹೆಸರೂ ಅಲ್ಲಿಲ್ಲ. ಅವರನ್ನು ಹುಡುಕಬೇಕಾದರೆ ಮಣ್ಣಿಗೇ ಹೋಗಬೇಕು.

ಮಣ್ಣಿನಲ್ಲಿ ಹುಡುಕುವುದೇ ಪುರಾತತ್ವದ ಕೆಲಸ. ಕೃಷ್ಣ ಅವರೇ ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯಲ್ಲಿ ಅಗೆತ ನಡೆಸಿದ್ದರು. ಕದಂಬರ ರಾಜಧಾನಿ ಬನವಾಸಿಯಲ್ಲಿ 1970ರ ಸುಮಾರಿಗೆ ಮೈಸೂರು ವಿಶ್ವವಿದ್ಯಾನಿಲಯದವರು ಅಗೆದಾಗ ಇಟ್ಟಿಗೆ ಕಟ್ಟಡಗಳ ಬುನಾದಿ, ಶಾತವಾಹನರ ಕಾಲದ ನಾಣ್ಯ, ಮಡಕೆ ಚೂರುಗಳು ಸಿಕ್ಕವು. ರಾಜಧಾನಿಯಲ್ಲಿ ಇಟ್ಟಿಗೆ ಉಳಿಯುತ್ತದೆ. ಮಲೆನಾಡಿನ ಸಣ್ಣ ಊರಿನಲ್ಲಿ ಉಳಿಯುವುದು ಬಹಳ ಕಡಿಮೆ. ಮನೆಗಳು ಮರದ್ದು, ಮಣ್ಣಿನದ್ದು, ಮೇಲೆ ಹುಲ್ಲಿನ ಹೊದಿಕೆ. ಮಳೆ ಜಾಸ್ತಿ, ಮಣ್ಣಿನಲ್ಲಿ ಹುಳಿ ಅಂಶ ಜಾಸ್ತಿ, ಹಾಗಾಗಿ ಮೂಳೆ ಕೂಡ ಕರಗಿಹೋಗುತ್ತದೆ. ಕೊನೆಗೆ ಉಳಿಯುವುದು ಮಡಕೆ ಚೂರು, ಕಬ್ಬಿಣ ಕರಗಿಸಿದ ಕಿಟ್ಟ, ಬೀಸುವ ಕಲ್ಲಿನ ತುಂಡು, ಒಲೆಯ ಜಾಗದಲ್ಲಿ ಸುಟ್ಟು ಕೆಂಪಾದ ಮಣ್ಣು, ಇದ್ದಿಲು. ಕಂಬ ಹುಗಿದ ಗುಂಡಿಯ ಮಣ್ಣು ಸುತ್ತಲಿನ ಮಣ್ಣಿಗಿಂತ ಬೇರೆ ಬಣ್ಣದಲ್ಲಿ ಕಾಣುತ್ತದೆ. ಅಂಥ ಗುಂಡಿಗಳನ್ನು ಜೋಡಿಸಿ ನೋಡಿದರೆ ಒಂದು ಮನೆಯ ಅಳತೆ ಸಿಗುತ್ತದೆ.

ಕುಂಟೆಬಿಲ್ಲೆ ಆಡಲು ನಾವು ಚಿಕ್ಕವರಿದ್ದಾಗ ಹೆಕ್ಕುತ್ತಿದ್ದ ಮಡಕೆ ಚೂರಿಗೂ ಇಲ್ಲಿ ಬೆಲೆಯಿದೆ. ಮಡಕೆಯ ಬಾಯಿಯ ಅಂಚು, ಬಣ್ಣ, ಸುಟ್ಟ ರೀತಿ ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. ಆದರೆ ಚೂರು ಯಾವ ಪದರದಲ್ಲಿ, ಯಾವುದರ ಜೊತೆಯಲ್ಲಿ ಸಿಕ್ಕಿತು ಎಂಬುದು ಗೊತ್ತಿದ್ದರೆ ಮಾತ್ರ ಅದು ಪೂರ್ತಿ ಮಾತಾಡುತ್ತದೆ. ಅದೇ ಪದರದ ಇದ್ದಿಲನ್ನು ಇಂಗಾಲ-14 ಪರೀಕ್ಷೆಗೆ ಕಳಿಸಿ ಕಾಲ ಲೆಕ್ಕ ಹಾಕಬಹುದು. ಪದರ ಒಮ್ಮೆ ಕಲಸಿಹೋದರೆ ಮತ್ತೆ ಜೋಡಿಸಲು ಯಾರಿಂದಲೂ ಆಗದು. ಕಲ್ಲಿನ ವಿಷಯವೂ ಹಾಗೆಯೇ. ಶಾಸನವನ್ನು, ವೀರಗಲ್ಲನ್ನು ಜನ ಕಿತ್ತು ಬೇರೆ ಕಡೆ ನೆಡುತ್ತಾರೆ, ಮೋರಿಗೆ ಹಾಸುತ್ತಾರೆ, ಬಟ್ಟೆ ಒಗೆಯಲು ಹಾಕಿಕೊಳ್ಳುತ್ತಾರೆ. ಕಲ್ಲು ಇವತ್ತು ನಿಂತ ಜಾಗವೇ ಅದರ ಮೂಲ ಜಾಗ ಎಂದು ಹೇಳಲಾಗದು.

ನಮ್ಮ ಕಡೆ ಈಗ ಆಗುತ್ತಿರುವುದು ಇದೇ. ಗದ್ದೆಗಳು ಶುಂಠಿ ಹೊಲವಾಗುತ್ತಿವೆ, ಸೈಟು ಆಗುತ್ತಿವೆ. ತೋಟಕ್ಕೆ ರಸ್ತೆ ಮಾಡಲು ಜೆಸಿಬಿ ಒಂದೇ ದಿನದಲ್ಲಿ ಒಂದು ದಿಬ್ಬವನ್ನು ಸಮ ಮಾಡುತ್ತದೆ. ಯಾರನ್ನೂ ದೂರುವ ಹಾಗಿಲ್ಲ, ನನ್ನ ಮಾವನೂ ಜೆಸಿಬಿ ಓಡಿಸಿಯೇ ಮನೆ ನಡೆಸುವುದು. ಅಗೆಯುವಾಗ ಕಪ್ಪು ಮಡಕೆ ಚೂರು ರಾಶಿಯಾಗಿ ಬಂದದ್ದುಂಟೇ ಎಂದು ಕೇಳಿದೆ. “ಬರ್ತದೆ ಮಗಾ, ಮಣ್ಣಿನ ಜೊತೆ ಲಾರಿಗೆ ಹೋಗ್ತದೆ” ಎಂದರು. ಇದಕ್ಕಿಂತ ಕೆಟ್ಟದ್ದು ನಿಧಿಯ ಆಸೆ. ವೀರಗಲ್ಲಿನ ಕೆಳಗೆ ಚಿನ್ನವಿದೆ ಎಂದು ರಾತ್ರಿ ಅಗೆಯುವವರಿಗೆ ಚಿನ್ನ ಸಿಗುವುದಿಲ್ಲ, ಕಲ್ಲು ಮಾತ್ರ ಒಡೆಯುತ್ತದೆ.

ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮಡಕೆ ಚೂರಿಗೆ ಅಷ್ಟು ಬೆಲೆ ಯಾರೂ ಕಟ್ಟುವುದಿಲ್ಲ, ಹಾಗಾಗಿ ಅದನ್ನು ಯಾರೂ ತಿಳಿಸುವುದೂ ಇಲ್ಲ. ನಿಮ್ಮ ಮನೆಯ ಹತ್ತಿರ ಅಂಥದ್ದು ಕಂಡರೆ ಮೊದಲು ಕೀಳಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಒಂದು ಪೆನ್ನು ಇಟ್ಟು ಫೋಟೋ ತೆಗೆಯಿರಿ, ಗಾತ್ರ ಗೊತ್ತಾಗುತ್ತದೆ. ಸುತ್ತಲಿನ ಜಾಗದ್ದೂ ಒಂದು ಫೋಟೋ ಇರಲಿ. ಜಮೀನಿನ ಸರ್ವೆ ನಂಬರು, ಎಷ್ಟು ಅಡಿ ಆಳ, ಜೊತೆಯಲ್ಲಿ ಏನೇನಿತ್ತು ಎಂದು ಬರೆದಿಡಿ. ಕಲ್ಲಿನ ಮೇಲೆ ಅಕ್ಷರವಿದ್ದರೆ ಸುಣ್ಣ, ಸೀಮೆಸುಣ್ಣ ಹಚ್ಚಬೇಡಿ, ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅದು ತಾನಾಗಿಯೇ ಕಾಣುತ್ತದೆ. ನಂತರ ಇತಿಹಾಸ ಉಪನ್ಯಾಸಕರಿಗೆ ತೋರಿಸಿ, ನಾಡಕಚೇರಿಗೂ ಒಂದು ಅರ್ಜಿ ಕೊಡಿ. ನಾನು ಒಂದು ನೋಟ್‌ಬುಕ್ ಶುರು ಮಾಡಿದ್ದೇನೆ. ಬಿಕ್ಕೋಡು ಹೋಬಳಿಯ ಯಾವ ಊರಿನಿಂದ ಬರುವವರಾದರೂ ಸರಿ, ನೀವು ಕಂಡದ್ದನ್ನು ದ್ವಿತೀಯ ಪಿಯುಸಿ ಕಲಾ ವಿಭಾಗಕ್ಕೆ ಬಂದು ಹೇಳಿದರೆ ಅದರಲ್ಲಿ ಬರೆದುಕೊಳ್ಳುತ್ತೇನೆ.