ಕವಚ ತೊಟ್ಟವನಿಗೆ ಏಟು ತಪ್ಪುತ್ತದೋ, ತಗ್ಗುತ್ತದೋ?

ಗುರುಬಂಧುಗಳೇ, ಅಕ್ಕಲಕೋಟಕ್ಕೆ ಮಕ್ಕಳ ಪ್ರವಾಸ ಒಯ್ದವರು ಸ್ವಾಮಿ ಸಮರ್ಥರ ದರ್ಶನದ ಜೊತೆಗೆ ಭೋಸಲೆ ಸಂಸ್ಥಾನದ ಅರಮನೆಯ ಶಸ್ತ್ರಾಗಾರವನ್ನೂ ತೋರಿಸಿರುತ್ತೀರಿ. ಕಳೆದ ವರ್ಷ ಅಲ್ಲಿಂದ ಹೊರಬರುವಾಗ ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಕವಚ ಹಾಕ್ಕೊಂಡಾಂವಗ ಏಟು ಬೀಳೂದs ಇಲ್ಲೇನ್ರಿ, ಇಲ್ಲಾ ಬಿದ್ರೂ ನೋವಾಗೂದಿಲ್ಲೇನ್ರಿ?"

"ಎರಡೂ ಒಂದೇ ಅಲ್ಲೇನವಾ?" ಅಂದು ಬಸ್ ಹತ್ತಿಸಿದೆ. ನಾನು ಹೇಳಿದ್ದು ತಪ್ಪು ಅಂತ ತಿಳಿದದ್ದು ದೀಪಾವಳಿ ರಜೆಯಲ್ಲಿ, ಸೊಲ್ಲಾಪುರದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಒಂದು ಆಟ ತಂದಾಗ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ 1974ರಲ್ಲಿ ಹೊರತಂದದ್ದು. ನಾಲ್ಕೈದು ಜನ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ನಮ್ಮ ಬಯಲಾಟದ ಹಾಗೆಯೇ, ಆದರೆ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿರುವುದಿಲ್ಲ. ಅದನ್ನು 20 ಮುಖದ ದಾಳ ಹೇಳುತ್ತದೆ.

ಅದರಲ್ಲಿ ಕವಚಕ್ಕೆ ಒಂದು ಅಂಕ ಉಂಟು, ಆರ್ಮರ್ ಕ್ಲಾಸ್ ಎನ್ನುತ್ತಾರೆ. 2014ರ ನಿಯಮದಂತೆ ಕವಚವಿಲ್ಲದ ಸಾಮಾನ್ಯನಿಗೆ 10, ಸರಪಳಿ ಅಂಗಿಗೆ 16, ಪೂರ್ಣ ಲೋಹದ ಕವಚಕ್ಕೆ 18. ಗುರಾಣಿ ಹಿಡಿದರೆ ಇನ್ನೂ 2. ಹೊಡೆಯುವವನ ದಾಳ ಮತ್ತು ಕೌಶಲ ಕೂಡಿ ಆ ಅಂಕ ಮುಟ್ಟಬೇಕು. ಮುಟ್ಟದಿದ್ದರೆ ಏಟೇ ಇಲ್ಲ. (ಮೊದಲು ಇದು ತಿರುಗಾಮುರುಗಾ ಇತ್ತು, ಪರೀಕ್ಷೆಯ ರ‍್ಯಾಂಕಿನ ಹಾಗೆ ಅಂಕ ಕಡಿಮೆಯಾದಷ್ಟೂ ಉತ್ತಮ. 2000ದಲ್ಲಿ ಸರಿಮಾಡಿದರು.)

ಹೊಡೆಯುವವನ ಕೌಶಲ 5 ಅನ್ನಿ. ಕವಚವಿಲ್ಲದವನಿಗೆ ದಾಳ 5 ಅಥವಾ ಮೇಲೆ ಬಿದ್ದರೆ ಸಾಕು, ಅಂದರೆ 80 ಪ್ರತಿಶತ. ಸರಪಳಿ ಅಂಗಿಯವನಿಗೆ 11 ಬೇಕು, 50 ಪ್ರತಿಶತ. ಒಂದೊಂದು ಅಂಕಕ್ಕೆ 5 ಪ್ರತಿಶತ. ಹತ್ತನೆಯ ತರಗತಿಯ ಸಂಭವನೀಯತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

1978ರಲ್ಲಿ ಬಂದ ರೂನ್‌ಕ್ವೆಸ್ಟ್ ಎಂಬ ಆಟ ಬೇರೆ ದಾರಿ ಹಿಡಿಯಿತು. ಅಲ್ಲಿ ಕವಚ ಏಟನ್ನು ತಪ್ಪಿಸುವುದಿಲ್ಲ, ಹಾನಿಯಲ್ಲಿ ಕಳೆಯುತ್ತದೆ. ವ್ಯತ್ಯಾಸ ದೊಡ್ಡದು. ಚೂರಿಯ ಹಾನಿ 1ರಿಂದ 4, ದೊಡ್ಡ ಸುತ್ತಿಗೆಯದು ಎರಡು ಸಾದಾ ದಾಳ, ಸರಾಸರಿ 7 ಎಂದುಕೊಳ್ಳಿ. ಮೊದಲ ನಿಯಮದಲ್ಲಿ ಚೂರಿಯೂ ಸುತ್ತಿಗೆಯೂ ಒಂದೇ ಪ್ರಮಾಣದಲ್ಲಿ ಸೊರಗುತ್ತವೆ. ಎರಡನೆಯದರಲ್ಲಿ ಕವಚ 4 ಕಳೆದರೆ ಚೂರಿ ಪೂರ್ತಿ ಸೊನ್ನೆ, ಸುತ್ತಿಗೆ ಮಾತ್ರ ಸರಾಸರಿ 3 ಉಳಿಸಿಕೊಳ್ಳುತ್ತದೆ.

ಎಂಟನೆಯ ತರಗತಿಯ 'ಬಲ ಮತ್ತು ಒತ್ತಡ' ಎರಡನೆಯದರ ಕಡೆಗೇ ವಾಲುತ್ತದೆ. 1 ಚದರ ಮಿಲಿಮೀಟರ್ ತುದಿಯ ಬಲ 100 ಚದರ ಸೆಂಟಿಮೀಟರಿಗೆ ಹರಡಿತೆಂದರೆ ಒತ್ತಡ 10,000ದಲ್ಲಿ ಒಂದು ಪಾಲು. ಬಲ ಮಾತ್ರ ಎಲ್ಲಿಯೂ ಹೋಗಿರುವುದಿಲ್ಲ. ಸರಪಳಿ ಅಂಗಿ ಕತ್ತಿಯ ಅಲಗನ್ನು ತಡೆದರೂ ಗದೆಯ ಏಟು ಒಳಗಿನ ಎಲುಬಿಗೆ ಹೋಗುತ್ತದೆ. ಅದಕ್ಕೇ ಕೆಳಗೆ ದಪ್ಪನೆಯ ಹತ್ತಿಯ ಅಂಗಿ ತೊಡುತ್ತಿದ್ದರು. ಏಟು ನಿಲ್ಲಲು ಹೆಚ್ಚು ಸಮಯ ಸಿಕ್ಕರೆ ಬಲ ತಗ್ಗುತ್ತದೆ.

ಇದನ್ನು ನೀವೂ ಮಾಡಿ ನೋಡಿ. ಪರಾತದಲ್ಲಿ ಹದವಾದ ಜೇಡಿಮಣ್ಣು, ಗುಂಡು ಎಸೆತದ ಗುಂಡು. ಒಂದು ಗೇಣು ಎತ್ತರದಿಂದ ಬಿಡಿ. ಮೊದಲು ಬರೀ ಮಣ್ಣಿನ ಮೇಲೆ, ಆಮೇಲೆ ದಪ್ಪ ತಗಡು ಇಟ್ಟು, ಕೊನೆಗೆ ತಗಡಿನಡಿ ಸೊಲ್ಲಾಪುರಿ ಚಾದರ ಮಡಚಿಟ್ಟು. ಮೂರು ಗುಂಡಿಗಳ ಆಳ ಅಳೆಯಿರಿ. (ಕಾಲು ಜೋಪಾನ.)

ರಜೆ ಮುಗಿದ ಮೇಲೆ ಆ ಹುಡುಗಿಗೆ "ನಾನs ತಪ್ಪು ಹೇಳಿದ್ದೆವಾ" ಅಂದೆ. ಎರಡೂ ನಿಯಮ ಕೇಳಿಸಿಕೊಂಡು, "ಹಂಗಾರ ಗುರಾಣಿ ತಪ್ಪಸೂದು, ಕವಚ ತಗ್ಗಸೂದು ಅಂತ ಇಡೂಣ್ರಿ" ಅಂದಳು. 1ರಿಂದ 20ರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ ಅದೇ ನಿಯಮದಲ್ಲಿ ಆಡಿಸಿದೆ. ಇಬ್ಬರಿಗೂ ಚೂರಿ, ಇಬ್ಬರಿಗೂ 4 ಕಳೆಯುವ ಕವಚ ಕೊಟ್ಟಿದ್ದೆ. ಗಂಟೆ ಹೊಡೆದರೂ ಯಾರಿಗೂ ಒಂದು ಗಾಯವಿಲ್ಲ. ಮರುದಿನ ಅವರೇ ಚೂರಿ ಬದಲಿಸಿ ಸುತ್ತಿಗೆ ಕೇಳಿದರು.